ಸ್ಪಷ್ಟನೆ: ಮಹಡಿಯ ಟೈಲ್ಸ್ ಎತ್ತಿದರೆ ಖಾಲಿ ಜಾಗ ಸಿಗುವುದಿಲ್ಲ

"ಹೊಸ ರೋ ಹೌಸ್‌ಗಳಲ್ಲಿ ಮಹಡಿಯ ನೆಲ ಎತ್ತಿದರೆ ಕೆಳಗೆ ಖಾಲಿ ಜಾಗ ಇರುತ್ತದೆ, ವೈರ್, ಪೈಪ್ ಎಲ್ಲ ಅಲ್ಲೇ ಎಳೆಯಬಹುದು" ಎಂಬ ಮೆಸೇಜ್ ಪುಣೆಯ ನಮ್ಮವರ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇಲ್ಲಿನ ಮನೆಗಳ ಮಟ್ಟಿಗೆ ಇದು ತಪ್ಪು.

ಜೊತೆಗಿರುವ ವಿಡಿಯೋ ಇಂಗ್ಲೆಂಡಿನದು. ಅಲ್ಲಿ ಸಾಮಾನ್ಯವಾಗಿ ಮರದ ತೊಲೆ, ಮೇಲೆ 22 ಮಿ.ಮೀ. ಚಿಪ್‌ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ), ಹಾಗಾಗಿ ನಡುವೆ ಟೊಳ್ಳು ಇರುವುದು ನಿಜ. ಆದರೆ ಅಲ್ಲೂ ಸುಮ್ನೆ ಎತ್ತಲು ಆಗುವುದಿಲ್ಲ. ಅಂಚಿಗೆ ಅಂಚು ಕಚ್ಚಿಸಿ, ಅಂಟು ಹಾಕಿ, ಸ್ಕ್ರೂ ಬಿಗಿದಿರುತ್ತಾರೆ, ಗರಗಸದಲ್ಲಿ ಕೊಯ್ಯಬೇಕು, ಎಷ್ಟೋ ಸಲ ಕೆಳಗಿನ ಕೋಣೆಯ ಸೀಲಿಂಗ್ ಬೋರ್ಡ್ ಕತ್ತರಿಸಿ ಆಮೇಲೆ ಪ್ಯಾಚ್ ಹಾಕುವುದೇ ವಾಸಿ.

ನಮ್ಮ ವಾಕಡ್, ಹಿಂಜವಡಿ ಕಡೆ ಇರುವುದು ಆರ್‌ಸಿಸಿ ಸ್ಲ್ಯಾಬ್. ಟೈಲ್ಸ್ ಕೆಳಗೆ ಸಿಮೆಂಟ್ ಗಾರೆ, ಅದರ ಕೆಳಗೆ ಗಟ್ಟಿ ಕಾಂಕ್ರೀಟ್, ಒಳಗೆ ಕಂಬಿ. ಲೈಟಿನ ವೈರ್ ಹಾಯುವ ಪೈಪನ್ನು ಕಾಂಕ್ರೀಟ್ ಸುರಿಯುವ ಮೊದಲೇ ಕೂರಿಸಿರುತ್ತಾರೆ. ನಮ್ಮ ಪಕ್ಕದ ಮನೆಯವರು ಆ ಮೆಸೇಜ್ ನಂಬಿ ಎರಡು ಟೈಲ್ಸ್ ಒಡೆಸಿದರು. ಸಿಕ್ಕಿದ್ದು ಬರೀ ಧೂಳು. ಅದೇ ಡಿಸೈನ್ ಈಗ ಅಂಗಡಿಯಲ್ಲಿಲ್ಲ, ಪಾಪ, ಮೇಲೆ ಕಾಲೊರಸು ಹಾಸಿದ್ದಾರೆ.

ಬಾತ್‌ರೂಮ್ ಮಾತ್ರ ಬೇರೆ. ಅಲ್ಲಿ ಸ್ಲ್ಯಾಬ್ ತಗ್ಗಿಸಿ, ಪೈಪ್ ಹಾಯಿಸಿ, ಸಾಮಾನ್ಯವಾಗಿ ಇಟ್ಟಿಗೆ ಚೂರು ತುಂಬಿರುತ್ತಾರೆ. ಅದನ್ನು ಅಗೆದರೆ ವಾಟರ್‌ಪ್ರೂಫಿಂಗ್ ಹಾಳಾಗಿ ಕೆಳಗೆ ಸೋರುತ್ತದೆ.

ಹೊಸ ವೈರ್ ಬೇಕಾದರೆ ಕೆಳಗಿನ ಕೋಣೆಗೆ ಫಾಲ್ಸ್ ಸೀಲಿಂಗ್ ಮಾಡಿಸಿ, ಇಲ್ಲವೇ ಗೋಡೆ ಮೇಲೆ ವೈರ್ ಹಾಯಿಸುವ ಪಟ್ಟಿ ಹೊಡೆಸಿ. ಸ್ಲ್ಯಾಬಿಗೆ ತೂತು ಕೊರೆಯುವ ಯೋಚನೆ ಇದ್ದರೆ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ. ಪುಣೆಯ ಹಳೆಯ ಪೇಟೆಗಳ ವಾಡೆಗಳಲ್ಲಿ (ಹಳೇ ಕಾಲದ ದೊಡ್ಡ ಮನೆಗಳಲ್ಲಿ) ಮರದ ಮಹಡಿ ಇತ್ತಲ್ವಾ ಅಂತ ಕೇಳಿದವರಿಗೆ: ಇತ್ತು, ಆದರೆ ಮೆಸೇಜ್ ಹೇಳುತ್ತಿರುವುದು ಹೊಸ ಮನೆಗಳ ಬಗ್ಗೆ.