ಪೇರಲ ಗಿಡದ ಆಮೆ

ಒಂದು ವಾರದಿಂದ ನನ್ನ ಸ್ಕೂಟರ್ ಸೀಟು ಬರೀ ಅಂಟು. ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಅದೇ ಕತೆ. ಆಫೀಸಿನಲ್ಲಿ ಕುರ್ಚಿ ಬಿಟ್ಟು ಏಳುವಾಗ ಪ್ಯಾಂಟು ಪರ್ ಅಂತ ಸದ್ದು ಮಾಡುತ್ತಿತ್ತು. ಪಕ್ಕದ ಮನೆಯ ಹುಡುಗ ಕಬ್ಬಿನಹಾಲು ಚೆಲ್ಲುತ್ತಾನೆ ಅಂತ ನಾನೇ ತೀರ್ಮಾನಿಸಿ ಅವನ ಅವ್ವನಿಗೆ ದೂರು ಕೊಟ್ಟೆ.

"ಅಣ್ಣಾರ, ಇವಂಗ ಕಬ್ಬಿನಹಾಲು ಸಿಕ್ರ ಗ್ಲಾಸ್ ನೆಕ್ಕಿ ಇಡ್ತಾನ್ರಿ. ನಿಮ್ಮ ಸ್ಕೂಟರಿಗೆ ಎಲ್ಲಿಂದ ಉಳಿಸ್ಯಾನು?"

ಮಾತು ಸರಿಯಾಗೇ ಇತ್ತು.

ಸ್ಕೂಟರ್ ನಿಲ್ಲಿಸೋದು ಪೇರಲ ಗಿಡದ ಕೆಳಗೆ. ಅವತ್ತು ತಲೆ ಎತ್ತಿ ನೋಡಿದೆ. ಟೊಂಗೆ ಮೇಲೆ ಇರುವೆ ಸಾಲು. ಎಲೆಗೆಲ್ಲ ಮಸಿಯಂಥ ಕಪ್ಪು ಬೂಷ್ಟು. ನಡುನಡುವೆ ಮೆಣಸಿನಕಾಳು ಅರ್ಧ ಸೀಳಿ ಅಂಟಿಸಿದಂಥ ಕಂದು ಉಬ್ಬು. ಶಲ್ಕ ಕೀಟ! ಗಿಡದ ರಸ ಹೀರಿ, ಜಾಸ್ತಿಯಾದ ಸಕ್ಕರೆ ನೀರನ್ನು ಹಿಂದಿನಿಂದ ಬಿಡುತ್ತದೆ. ಅಂದರೆ ವಾರಪೂರ್ತಿ ನಾನು ಕೂತಿದ್ದು ಅದರ... ಇರಲಿ ಬಿಡಿ.

ಹತ್ತಿರದಿಂದ ಒಂದು ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿ, ಇದೇನು ಹೇಳಿ ಅಂದೆ.

ಗದಗಿನ ಕಾಕಾ: "ಸಮುದ್ರದ ಆಮಿ! ನಮ್ಮನ್ನ ಬಿಟ್ಟು ಹೊನ್ನಾವರಕ್ಕ ಹೋಗಿದ್ದೇನಪಾ?"

ಅತ್ತಿ: "ಪಾಪ, ಉಣಕಲ್ ಕೆರ್ಯಾಗ ಬಿಟ್ಟು ಬಾ."

ಕಾಕಾನದ್ದೂ ಪೂರ್ತಿ ತಪ್ಪಲ್ಲ. ಅದೇ ಗುಮ್ಮಟದಂಥ ನುಣುಪು ಬೆನ್ನು. ಹೊನ್ನಾವರದ ದಂಡೆಗೆ ಬರುವ ಆಲಿವ್ ರಿಡ್ಲಿ ಆಮೆ ಎರಡಡಿ ಉದ್ದ, ತೂಕ 35ರಿಂದ 50 ಕಿಲೋ. ನಮ್ಮ ಗಿಡದ್ದು ಹೆಚ್ಚೆಂದರೆ 3 ಮಿಲಿಮೀಟರ್. ಆಮೆ ಸಮುದ್ರವೆಲ್ಲ ತಿರುಗಿ, ಮರಳಲ್ಲಿ ನೂರರಷ್ಟು ಮೊಟ್ಟೆ ಹೂತು, ಹಿಂತಿರುಗಿ ನೋಡದೆ ಹೋಗುತ್ತದೆ. ಇದು ಮರಿಯಾಗಿದ್ದಾಗ ಸ್ವಲ್ಪ ಹರಿದಾಡಿದ್ದಷ್ಟೇ ಪ್ರವಾಸ. ಆಮೇಲೆ ಟೊಂಗೆಗೆ ಬಾಯಿ ಚುಚ್ಚಿ ಕೂತರೆ ಮುಗೀತು. ನೂರಾರು ಮೊಟ್ಟೆ ತನ್ನ ಹೊಟ್ಟೆ ಕೆಳಗೇ ಇಟ್ಟು ಅಲ್ಲೇ ಸಾಯುತ್ತದೆ. ಒಣಗಿದ ಬೆನ್ನೇ ಮರಿಗಳಿಗೆ ಚಾವಣಿ. ತಾಯ್ತನದ ಲೆಕ್ಕದಲ್ಲಿ ನನ್ನ ಓಟು ಕೀಟಕ್ಕೆ. ಪ್ಯಾಂಟಿನ ಲೆಕ್ಕದಲ್ಲಿ ಆಮೆಗೆ.

ಇಷ್ಟಾದ ಮೇಲೆ ಪಕ್ಕದ ಮನೆ ಗೇಟಿನ ಮುಂದೆ ಹೋಗುವಾಗ ತಲೆ ಒಳಗೆ ಎಳೆದುಕೊಳ್ಳಬೇಕು ಅನಿಸುತ್ತಿತ್ತು. ಸಮುದ್ರದ ಆಮೆಗೂ ಆ ಸೌಲಭ್ಯ ಇಲ್ಲವಂತೆ.

ಭಾನುವಾರ ಸೋಪಿನ ನೀರು, ಹಳೇ ಟೂತ್‌ಬ್ರಷ್ ಹಿಡಿದು ಏಣಿ ಹತ್ತಿದೆ. ಕೆಳಗೆ ಏಣಿ ಹಿಡಿದು ನಿಂತವನು ಅದೇ ಹುಡುಗ. ಕೂಲಿ ಮೊದಲೇ ಮಾತಾಗಿತ್ತು.

"ದೊಡ್ಡ ಗ್ಲಾಸ್ ರೀ ಅಂಕಲ್. ಐಸ್ ಬ್ಯಾಡ."