ನವೆಂಬರ್‌ನಲ್ಲಿ ಕುರ್ಚಿ ಎಳೆದವರು

ಹೋದ ತಿಂಗಳು ನನ್ನ ಪೋಲೋ ಮಾರಿದೆ. 2013ರ ಗಾಡಿ. ತಗೊಳ್ಳೋಕೆ ಬಂದವನು ತುಮಕೂರಿನ ಹುಡುಗ, ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸಿರಬಹುದು. ಬಾನೆಟ್ ಎತ್ತಿ ನೋಡಿದ, ಟೈರಿನ ಸಂದಿಗೆ ಉಗುರು ಹಾಕಿ ನೋಡಿದ, ಬಗ್ಗಿ ತುಕ್ಕು ಹುಡುಕಿದ. ಕೊನೆಗೆ ಹಿಂದಿನ ಗಾಜಿನ ಮೂಲೆಯಲ್ಲಿದ್ದ ಸ್ಟಿಕ್ಕರ್ ಹತ್ತಿರ ನಿಂತ. ನೀಲಿ ಬಿಳಿ ಬಣ್ಣದ ಪೋಲೋ ಆರ್ ಡಬ್ಲ್ಯುಆರ್‌ಸಿ, ಅಂದರೆ ಫೋಕ್ಸ್‌ವ್ಯಾಗನ್ ಕಂಪನಿಯ ರ್‍ಯಾಲಿ ಕಾರು. ರ್‍ಯಾಲಿ ಹುಚ್ಚು ಜಾಸ್ತಿ ಇದ್ದ ಕಾಲದಲ್ಲಿ ನಾನೇ ಅಂಟಿಸಿದ್ದು.

"ಇವರು ಎಲ್ಲಾ ಗೆಲ್ತಾ ಇದ್ರು ಅಲ್ವಾ ಸಾರ್? ಮತ್ಯಾಕೆ ಬಿಟ್ರು?" ಅಂತ ಕೇಳಿದ.

"ದುಡ್ಡು ಕಣಪ್ಪಾ" ಅಂದೆ. ಆರ್‌ಸಿ ಪೇಪರ್ ಹುಡುಕೋ ಗಡಿಬಿಡಿಯಲ್ಲಿದ್ದೆ. ಅದು ಪೂರ್ತಿ ಉತ್ತರ ಅಲ್ಲ. ರಾತ್ರಿ ಮಲಗಿದಾಗ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಅದಕ್ಕೇ ಈ ಉದ್ದನೆಯ ಬರಹ. ಕಾರು, ರೇಸು ಬೇಡದವರು ಇಲ್ಲೇ ಸ್ಕ್ರಾಲ್ ಮಾಡಿ ಮುಂದೆ ಹೋಗಬಹುದು, ನನಗೇನೂ ಬೇಜಾರಿಲ್ಲ.

ಫೋಕ್ಸ್‌ವ್ಯಾಗನ್ ವಿಶ್ವ ರ್‍ಯಾಲಿ ಚಾಂಪಿಯನ್‌ಶಿಪ್‌ಗೆ ಪೋಲೋ ತಂದಿದ್ದು 2013ರಲ್ಲಿ. ನಾಲ್ಕು ವರ್ಷ ಓಡಿಸಿದರು. 52 ರ್‍ಯಾಲಿಗಳಲ್ಲಿ 43 ಗೆದ್ದರು. ನಾಲ್ಕು ವರ್ಷವೂ ಚಾಲಕರ ಪ್ರಶಸ್ತಿ, ನಾಲ್ಕು ವರ್ಷವೂ ತಯಾರಕರ ಪ್ರಶಸ್ತಿ. ಬೇರೆಯವರಿಗೆ ಉಳಿದದ್ದು ಒಂಬತ್ತೇ ಒಂಬತ್ತು ಗೆಲುವು. ನಿಜ ಹೇಳಬೇಕು ಅಂದರೆ ನೋಡೋಕೆ ಬೋರ್ ಆಗಿಬಿಟ್ಟಿತ್ತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೇ ಅವರ ಚಾಲಕ ಸೆಬಾಸ್ಟಿಯನ್ ಓಜಿಯೇ ಮುಂದಿರುತ್ತಿದ್ದ, ಭಾನುವಾರವೂ ಅವನೇ.

2016ರ ಅಕ್ಟೋಬರ್ 30, ಭಾನುವಾರ. ವೇಲ್ಸ್‌ನ ಕೆಸರು ಕಾಡಲ್ಲಿ ಆ ವರ್ಷದ ತಯಾರಕರ ಪ್ರಶಸ್ತಿಯೂ ಅವರದಾಯಿತು. ಸೋಮವಾರ ಹೋಯ್ತು, ಮಂಗಳವಾರ ಹೋಯ್ತು. ಬುಧವಾರ, ನವೆಂಬರ್ 2ಕ್ಕೆ ಕಂಪನಿ ಹೇಳಿತು: ಈ ಸೀಸನ್ ಮುಗಿದ ಮೇಲೆ ನಾವು ರ್‍ಯಾಲಿಯಲ್ಲಿ ಇರೋದಿಲ್ಲ. ಅಂದುಕೊಂಡಿದ್ದನ್ನೆಲ್ಲ ಸಾಧಿಸಿಯಾಯಿತು, ಇನ್ನು ಎಲೆಕ್ಟ್ರಿಕ್ ಗಾಡಿಗಳ ಕಡೆ ಗಮನ ಕೊಡಬೇಕು, ಅನ್ನೋ ಧಾಟಿಯ ಮಾತು.

ಎಲ್ಲಾ ಸಾಧಿಸಿಯಾಯಿತು ಅನ್ನೋದು ಸುಳ್ಳಲ್ಲ. ಆದರೆ ಅದರ ಹಿಂದಿನ ಕತೆ ಎಲ್ಲರಿಗೂ ಗೊತ್ತಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಡೀಸೆಲ್ ಹೊಗೆಯ ಹಗರಣ ಹೊರಗೆ ಬಿದ್ದಿತ್ತು. ಪರೀಕ್ಷೆ ಮಾಡುವಾಗ ಮಾತ್ರ ಕಮ್ಮಿ ಹೊಗೆ ಬಿಡೋ ಸಾಫ್ಟ್‌ವೇರ್ ಹಾಕಿದ ಗಾಡಿಗಳು ಪ್ರಪಂಚದಲ್ಲಿ ಸುಮಾರು 1.1 ಕೋಟಿ. ಮಾರನೇ ವರ್ಷ ಅಮೆರಿಕದಲ್ಲಿ ಒಪ್ಪಿಕೊಂಡ ಇತ್ಯರ್ಥದ ಮೊತ್ತವೇ 1,470 ಕೋಟಿ ಡಾಲರ್ ಹತ್ತಿರ. ಅಂಥಾ ಹೊತ್ತಲ್ಲಿ ಕಾಡಿನಲ್ಲಿ ಕಾರು ಹಾರಿಸೋಕೆ ದುಡ್ಡು ಕೊಡಿ ಅಂತ ಯಾವ ಮುಖ ಇಟ್ಟುಕೊಂಡು ಕೇಳೋದು? ಪೋಲೋ ಘೋಷಣೆಗೆ ಒಂದು ವಾರ ಮೊದಲೇ ಅದೇ ಗುಂಪಿನ ಆಡಿ ಕೂಡ ಫ್ರಾನ್ಸಿನ 24 ಗಂಟೆಯ ಲೆ ಮಾನ್ ರೇಸಿನ ಲೋಕದಿಂದ ಹೊರಗೆ ನಡೆದಿತ್ತು. ಅವರು ಅಲ್ಲಿ 13 ಸಲ ಗೆದ್ದವರು.

ಹಾಗಾಗಿ ಬಿಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಕಾರು ಕಂಪನಿಗೆ ರೇಸು ಅಂದರೆ ಜಾಹೀರಾತು. ಅಷ್ಟು ಗೆದ್ದ ಮೇಲೆ ಇನ್ನೊಂದು ಗೆಲುವಿಗೆ ಯಾವ ಪೇಪರೂ ಜಾಗ ಕೊಡೋಲ್ಲ. ಸೋತರೆ ಮಾತ್ರ ಸುದ್ದಿ. ಅಂಥಾ ಜಾಹೀರಾತಿಗೆ ದುಡ್ಡು ಸುರಿಯೋದು ನಿಲ್ಲಿಸಿದರೆ ಲೆಕ್ಕದವರು ತಲೆ ಆಡಿಸುತ್ತಾರೆ, ಸರಿಯೇ.

ನನ್ನ ಸಿಟ್ಟು ಇರೋದು ಆ ತಾರೀಕಿನ ಮೇಲೆ. ನವೆಂಬರ್ 2.

ಮುಂದಿನ ಸೀಸನ್ ಶುರುವಾಗೋದು ಜನವರಿಯಲ್ಲಿ, ಮಾಂಟೆ ಕಾರ್ಲೋದಲ್ಲಿ. 2017ಕ್ಕೆ ಹೊಸ ನಿಯಮ ಬರ್ತಾ ಇತ್ತು. 380 ಕುದುರೆ ಶಕ್ತಿ, ದೊಡ್ಡ ರೆಕ್ಕೆ, 25 ಕಿಲೋ ಕಮ್ಮಿ ತೂಕ. ಆ ನಿಯಮಕ್ಕೆ ತಕ್ಕ ಹೊಸ ಪೋಲೋ ಆಗಲೇ ಕಟ್ಟಿಯಾಗಿತ್ತು, ತಿಂಗಳುಗಟ್ಟಲೆ ಟೆಸ್ಟ್ ಓಡಿಸಿಯಾಗಿತ್ತು. ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿ, ಅನ್ನದ ಬುಟ್ಟಿ ಸಾಲಿಗೆ ಬಂದಾಗ ಎದ್ದೇಳಿ ಅಂದ ಹಾಗೆ.

ಆಗ ಬೇರೆ ತಂಡಗಳಲ್ಲಿ ಸೀಟು ಎಲ್ಲಿತ್ತು? ವಿಶ್ವ ರ್‍ಯಾಲಿಯ ಮೇಲಿನ ಮಟ್ಟದಲ್ಲಿ ಸಂಬಳ ಕೊಡೋ ಸೀಟು ಹತ್ತು ಹನ್ನೆರಡು ಇದ್ದರೆ ಹೆಚ್ಚು. ಹ್ಯುಂಡೈನಲ್ಲಿ ನ್ಯೂವಿಲ್, ಪ್ಯಾಡನ್, ಸೋರ್ಡೋ ಕೂತಿದ್ದರು. ಸಿಟ್ರೊಯೆನ್‌ನವರು ಮೀಕ್, ಬ್ರೀನ್, ಲೆಫೆಬ್ರ್ ಅಂತ ಸಾಲು ಹಿಡಿದಿದ್ದರು. ಗಣೇಶನ ಪೆಂಡಾಲಿನಲ್ಲಿ ಮಕ್ಕಳಿಗೆ ಮ್ಯೂಸಿಕಲ್ ಚೇರ್ ಆಡಿಸ್ತಾರಲ್ಲ, ಅಲ್ಲಿ ಹಾಡು ನಿಲ್ಲೋ ಮೊದಲು ಕುರ್ಚಿ ತೆಗೀತಾರೆ. ಇಲ್ಲಿ ಹಾಡು ನಿಂತು ಎಲ್ಲಾ ಕೂತ ಮೇಲೆ, ಒಂದೇ ಕಡೆಯಿಂದ ಮೂರು ಕುರ್ಚಿ ಎಳೆದರು.

ಫೋಕ್ಸ್‌ವ್ಯಾಗನ್‌ನ ಮೂವರು ಚಾಲಕರಲ್ಲಿ ಓಜಿಯೇಗೆ ಚಿಂತೆ ಇರಲಿಲ್ಲ. ನಾಲ್ಕು ಸಲದ ಚಾಂಪಿಯನ್, ಯಾರು ಬೇಡ ಅಂತಾರೆ? ಇಂಗ್ಲೆಂಡಿನ ಎಂ-ಸ್ಪೋರ್ಟ್ ತಂಡ ಸೇರಿ ಅವರ ಫೋರ್ಡ್ ಫಿಯೆಸ್ಟಾದಲ್ಲಿ ಮೊದಲ ರ್‍ಯಾಲಿಯನ್ನೇ ಗೆದ್ದ. 2017, 2018 ಎರಡೂ ವರ್ಷ ಚಾಂಪಿಯನ್ ಆದ. ಯಾರಿ-ಮಟ್ಟಿ ಲಾತ್ವಾಲಾಗೆ ಆಗಷ್ಟೇ ವಾಪಸ್ ಬರುತ್ತಿದ್ದ ಟೊಯೋಟಾ ಸಿಕ್ಕಿತು. ಫೆಬ್ರವರಿಯಲ್ಲಿ ಸ್ವೀಡನ್ ರ್‍ಯಾಲಿ ಗೆದ್ದ. 2021ರಲ್ಲಿ ಆ ತಂಡದ ಮುಖ್ಯಸ್ಥನೂ ಅವನೇ ಆದ.

ಮೂರನೆಯವನು ಆಂದ್ರೆಯಾಸ್ ಮಿಕ್ಕೆಲ್ಸನ್. ನಾರ್ವೆಯವನು. ಪೋಲೋದ ಕಟ್ಟಕಡೆಯ ರ್‍ಯಾಲಿ ಅದೇ ನವೆಂಬರ್‌ನಲ್ಲಿ, ಆಸ್ಟ್ರೇಲಿಯಾದ ಕಾಫ್ಸ್ ಹಾರ್ಬರ್‌ನಲ್ಲಿ. ಕೆಲಸ ಹೋಗಿದೆ ಅಂತ ಗೊತ್ತಿದ್ದೇ ಕಾರು ಹತ್ತಿದ. ಗೆದ್ದ. ಓಜಿಯೇ ಎರಡನೇ ಸ್ಥಾನ. ತಂಡದ ಕೊನೇ ಗೆಲುವು ತಂದುಕೊಟ್ಟವನಿಗೆ ಜನವರಿಯಲ್ಲಿ ಮೇಲಿನ ದರ್ಜೆಯಲ್ಲಿ ಸೀಟೇ ಇಲ್ಲ. ಮಾಂಟೆ ಕಾರ್ಲೋಗೆ ಸ್ಕೋಡಾದ ಆರ್5 ಕಾರಿನಲ್ಲಿ, ಅಂದರೆ ಕೆಳಗಿನ ದರ್ಜೆಯ ಗಾಡಿಯಲ್ಲಿ ಬಂದ. ಅಲ್ಲೂ ಆ ದರ್ಜೆ ಗೆದ್ದ, ಅದು ಬೇರೆ ಮಾತು. ಆಮೇಲೆ ಸಿಟ್ರೊಯೆನ್‌ನಲ್ಲಿ ಮೂರು ರ್‍ಯಾಲಿ, ವರ್ಷದ ಕೊನೆಗೆ ಹ್ಯುಂಡೈ. ಸರಿಯಾಗಿ ಒಂದು ಕಡೆ ಕೂರೋಕೆ ಸುಮಾರು ಒಂದು ವರ್ಷ ಹಿಡಿಯಿತು.

ಇದಕ್ಕಿಂತಲೂ ಯಾರೂ ಮಾತಾಡದ ಹೆಸರು ಎರಿಕ್ ಕಮಿಲಿ. ಫ್ರಾನ್ಸಿನ ಹುಡುಗ. ಫೋಕ್ಸ್‌ವ್ಯಾಗನ್‌ಗೂ ಅವನಿಗೂ ಆಗ ಏನೂ ಸಂಬಂಧ ಇರಲಿಲ್ಲ. 2016ರಲ್ಲಿ ಎಂ-ಸ್ಪೋರ್ಟ್ ಫಿಯೆಸ್ಟಾ ಓಡಿಸುತ್ತಿದ್ದ. ಓಜಿಯೇ ಬಂದ, ಕಮಿಲಿ ಕೆಳಗಿನ ದರ್ಜೆಗೆ ಇಳಿದ. ಜೊತೆಯ ಚಾಲಕ ಓಸ್ಟ್‌ಬರ್ಗ್‌ಗೂ ಅಲ್ಲಿ ಜಾಗ ಉಳಿಯಲಿಲ್ಲ. ದೊಡ್ಡವನು ಕುರ್ಚಿ ಕಳಕೊಂಡರೆ ಬೀಳೋನು ಚಿಕ್ಕವನು. ಪ್ರೆಸ್ ನೋಟಿನಲ್ಲಿ ಅವನ ಹೆಸರೂ ಇರೋಲ್ಲ.

ಇನ್ನು ಪಕ್ಕದ ಸೀಟಿನವರು. ರ್‍ಯಾಲಿಯಲ್ಲಿ ಕೋ-ಡ್ರೈವರ್ ನೋಟ್ಸ್ ಓದದಿದ್ದರೆ ಚಾಲಕ ಕುರುಡ. ತಿರುವಿನ ಆಚೆ ಕಲ್ಲಿದೆಯಾ, ಹಳ್ಳ ಇದೆಯಾ, ಎಷ್ಟು ಜೋರಾಗಿ ಹೋಗಬಹುದು, ಎಲ್ಲಾ ಆ ಪುಸ್ತಕದಲ್ಲಿ. ಮೂವರು ಚಾಲಕರು ಅಂತ ಸುದ್ದಿ ಬಂತು. ನಿಜಕ್ಕೂ ಆರು ಜನ. ಇಂಗ್ರಾಸಿಯಾ, ಅಂತ್ತಿಲಾ, ಯೇಗರ್ ಹೆಸರು ತಲೆಬರಹದಲ್ಲಿ ಎಲ್ಲೂ ಕಾಣಲಿಲ್ಲ.

ಇದನ್ನ ಸ್ವಲ್ಪ ಜಾಸ್ತಿಯೇ ಮನಸ್ಸಿಗೆ ಹಚ್ಚಿಕೊಂಡು ಬರೀತಾ ಇದ್ದೀನಿ ಅನ್ನಿಸಿದರೆ ಕಾರಣ ಇದೆ. ನಾನೂ ಒಂದಿಷ್ಟು ದಿನ ಆ ಪಕ್ಕದ ಸೀಟಿನಲ್ಲಿ ಕೂತವನು. ಎಲ್ಲೂ ಹೆಸರು ಮಾಡಿದ್ದಲ್ಲ, ಮಲೆನಾಡಿನ ಕಾಫಿ ತೋಟದ ಮಣ್ಣು ರಸ್ತೆಗಳ ಲೋಕಲ್ ರ್‍ಯಾಲಿ ಅಷ್ಟೇ. ಸ್ನೇಹಿತನೊಬ್ಬ ಓಡಿಸ್ತಾ ಇದ್ದ, ನಾನು "ಲೆಫ್ಟ್ ತ್ರೀ, ಐವತ್ತು, ರೈಟ್ ಫೋರ್" ಅಂತ ಕಿರುಚ್ತಾ ಇದ್ದೆ. ಮೊದಲ ಸಲ ಹೆಲ್ಮೆಟ್ ತೆಗೆದ ತಕ್ಷಣ ವಾಂತಿ ಮಾಡಿಕೊಂಡಿದ್ದೆ.

ಆಗ ನಮಗೊಬ್ಬ ಪ್ರಾಯೋಜಕರು ಸಿಕ್ಕಿದ್ದರು. ಹೆಸರು ಬೇಡ. ಟೈರು, ಎಂಟ್ರಿ ಫೀಸು ಅವರದ್ದು ಅಂತ ಮಾತಾಗಿತ್ತು. ಅವರ ಹೆಸರನ್ನ ಎರಡೂ ಬಾಗಿಲಿಗೆ ದೊಡ್ಡದಾಗಿ ಅಂಟಿಸಿದ್ದೆವು. ರ್‍ಯಾಲಿಗೆ ಎಂಟು ದಿನ ಇದ್ದಾಗ ಫೋನ್ ಬಂತು. "ಈ ವರ್ಷ ಬಜೆಟ್ ಇಲ್ಲ, ತಪ್ಪು ತಿಳೀಬೇಡಿ." ಸ್ನೇಹಿತ ತನ್ನ ಬೈಕ್ ಮಾರಿ ಫೀಸು ಕಟ್ಟಿದ. ಹಳೇ ಟೈರಿನಲ್ಲೇ ಹೊರಟೆವು. ಹಿಂದಿನ ರಾತ್ರಿ ಅವನ ಅಕ್ಕನ ಹೇರ್ ಡ್ರೈಯರ್ ತಂದು ಬಾಗಿಲಿನ ಸ್ಟಿಕ್ಕರ್ ಬಿಸಿ ಮಾಡಿ ಕಿತ್ತೆವು. ಅಕ್ಷರ ಹೋಯ್ತು, ಗೋಂದು ಹೋಗಲಿಲ್ಲ. ಮಾರನೇ ದಿನ ಎರಡು ಸ್ಟೇಜ್ ಓಡುವಷ್ಟರಲ್ಲಿ ಕೆಂಪು ಧೂಳೆಲ್ಲಾ ಆ ಗೋಂದಿಗೆ ಹಿಡಿದು, ಅವರ ಹೆಸರು ಮತ್ತೆ ಎದ್ದು ಕಾಣ್ತಾ ಇತ್ತು. ಒಂದು ಪೈಸೆ ಕೊಡದೆ ಇಡೀ ರ್‍ಯಾಲಿ ಜಾಹೀರಾತು! ಆವತ್ತು ಬಿದ್ದು ಬಿದ್ದು ನಕ್ಕಿದ್ದೆವು. ಬೈಕ್ ಮಾತ್ರ ವಾಪಸ್ ಬರಲಿಲ್ಲ.

ಅವರ ಬಜೆಟ್ ಅವರ ಇಷ್ಟ. ಮೂರು ತಿಂಗಳು ಮೊದಲೇ ಹೇಳಿದ್ದರೆ ನಾವು ಇನ್ನೊಬ್ಬರನ್ನ ಹುಡುಕ್ತಾ ಇದ್ದೆವು, ಇಲ್ಲಾ ಆ ವರ್ಷ ಸುಮ್ನೆ ಇರ್ತಾ ಇದ್ದೆವು. ನನ್ನ ತಕರಾರು ಆವತ್ತೂ ಇಷ್ಟೇ, ಇವತ್ತೂ ಇಷ್ಟೇ.

ಇದು ಫೋಕ್ಸ್‌ವ್ಯಾಗನ್ ಒಬ್ಬರ ಚಾಳಿಯೂ ಅಲ್ಲ. 2008ರ ಡಿಸೆಂಬರ್‌ನಲ್ಲಿ ಜಗತ್ತಿನ ಆರ್ಥಿಕತೆ ಕುಸಿದಾಗ ಸುಜುಕಿ ಒಂದು ದಿನ, ಸುಬಾರು ಅದರ ಮಾರನೇ ದಿನ ರ್‍ಯಾಲಿ ಬಿಟ್ಟವು. ಜನವರಿಗೆ ಎರಡೇ ವಾರ ಬಾಕಿ. ಸುಬಾರುವಿನ ಪೆಟರ್ ಸೋಲ್ಬರ್ಗ್ 2003ರ ವಿಶ್ವ ಚಾಂಪಿಯನ್. ಅಂಥವನು ಹಳೇ ಸಿಟ್ರೊಯೆನ್ ಕ್ಸಾರಾ ಒಂದನ್ನ ಹೊಂದಿಸಿಕೊಂಡು, ತನ್ನದೇ ಪುಟ್ಟ ತಂಡ ಕಟ್ಟಿ 2009ರಲ್ಲಿ ಓಡಿದ. ಅದೇ ಗಾಡಿಯಲ್ಲಿ ಸೈಪ್ರಸ್‌ನಲ್ಲಿ ಮೂರನೇ ಸ್ಥಾನ. ಆಡಿ ಲೆ ಮಾನ್ ಬಿಟ್ಟಾಗ ಅವರ ಚಾಲಕ ಆಂದ್ರೆ ಲೊಟ್ಟೆರರ್ ಪೋರ್ಷೆಗೆ ಹೋದ. ಪೋರ್ಷೆಯೂ ಆ ದರ್ಜೆಯನ್ನ 2017ರ ಕೊನೆಗೆ ಬಿಟ್ಟಿತು! ಪಾಪ, ಎರಡು ವರ್ಷದಲ್ಲಿ ಎರಡು ಸಲ. ಪೋರ್ಷೆ ಅದನ್ನ ಜುಲೈನಲ್ಲೇ ಹೇಳಿತ್ತು, ಅಷ್ಟು ಮರ್ಯಾದೆ ಇತ್ತು.

"ಡ್ರೈವರ್‌ಗಳು ಕೋಟಿಗಟ್ಟಲೆ ದುಡೀತಾರೆ, ಅವರ ಮೇಲೆ ಯಾಕೆ ಕನಿಕರ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಓಜಿಯೇಗೆ ಕನಿಕರ ಬೇಡ, ನಾನೂ ತೋರಿಸ್ತಾ ಇಲ್ಲ. ಕಮಿಲಿಯ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದವನಿಗೆ ಒಂದು ಸೀಸನ್ ಹೋದರೆ ಹೋಯ್ತು. ಅವನಿಗಿಂತ ಮೂರು ವರ್ಷ ಚಿಕ್ಕವನು, ಜೊತೆಗೆ ಪ್ರಾಯೋಜಕರೂ ಇರೋನು, ಬಾಗಿಲಲ್ಲೇ ನಿಂತಿರ್ತಾನೆ.

ಇಷ್ಟಾದರೂ ಆಗಬೇಕು ಅನ್ನೋದು ನನ್ನ ಅಭಿಪ್ರಾಯ. ಕಾರು ಕಂಪನಿ ವಿಶ್ವ ಚಾಂಪಿಯನ್‌ಶಿಪ್‌ಗೆ ಬರುವಾಗ ಮನೆ ಬಾಡಿಗೆಗೆ ಅಡ್ವಾನ್ಸ್ ಕೊಟ್ಟ ಹಾಗೆ ಒಂದು ಮೊತ್ತ ಇಡಲಿ. ಬಿಡೋದಿದ್ದರೆ ಜೂನ್ ಒಳಗೆ ಹೇಳಲಿ. ತಡವಾಗಿ ಹೇಳಿದರೆ ಆ ಅಡ್ವಾನ್ಸ್ ಸೀಟು ಕಳಕೊಂಡವರಿಗೆ ಹೋಗಲಿ, ಚಾಲಕ, ಕೋ-ಡ್ರೈವರ್ ಇಬ್ಬರಿಗೂ. ಬೆಂಗಳೂರಲ್ಲಿ ಒಂದು ಬೆಡ್‌ರೂಮಿನ ಮನೆ ಖಾಲಿ ಮಾಡೋಕೂ ಎರಡು ತಿಂಗಳ ನೋಟೀಸ್ ಕೇಳ್ತಾರೆ. ಹೀಗೆ ಮಾಡಿದರೆ ಕಂಪನಿಗಳು ಬರೋದೇ ಇಲ್ಲ ಅಂತೀರಾ? ಇರಬಹುದು. ಆದರೆ ಫೋಕ್ಸ್‌ವ್ಯಾಗನ್ ಹೋದ ಮಾರನೇ ವರ್ಷ ತಯಾರಕರ ಪ್ರಶಸ್ತಿ ಗೆದ್ದದ್ದು ಯಾರು? ಎಂ-ಸ್ಪೋರ್ಟ್. ಅದು ಕಾರು ಕಂಪನಿಯೇ ಅಲ್ಲ. ರ್‍ಯಾಲಿ ಕಾರು ಕಟ್ಟಿ, ಮಾರಿ, ಬಾಡಿಗೆಗೆ ಕೊಟ್ಟು ಬದುಕೋ ಖಾಸಗಿ ತಂಡ. ಅವರಿಗೆ ಬಿಟ್ಟು ಹೋಗೋಕೆ ಬೇರೆ ಜಾಗ ಇಲ್ಲ, ಅದಕ್ಕೇ ಇದ್ದಾರೆ.

ಆ ಹುಡುಗನಿಗೆ ಹೇಳದೇ ಉಳಿದದ್ದು ಇನ್ನೊಂದಿದೆ. ಎರಡು ವರ್ಷ ಆದ ಮೇಲೆ ಫೋಕ್ಸ್‌ವ್ಯಾಗನ್ ಗ್ರಾಹಕರಿಗೆ ಮಾರೋಕೆ ಅಂತ ಪೋಲೋ ಜಿಟಿಐ ಆರ್5 ಮಾಡಿತು. 2018ರ ಅಕ್ಟೋಬರ್‌ನಲ್ಲಿ ಸ್ಪೇನ್ ರ್‍ಯಾಲಿಯಲ್ಲಿ ಅದರ ಮೊದಲ ಓಟ. ಎರಡು ಕಾರು. ಒಂದರ ಸ್ಟೀರಿಂಗ್ ಹಿಂದೆ ಪೆಟರ್ ಸೋಲ್ಬರ್ಗ್. ಇನ್ನೊಂದರಲ್ಲಿ ಎರಿಕ್ ಕಮಿಲಿ. ಎಂಟ್ರಿ ಲಿಸ್ಟ್ ನೋಡಿ ಆವತ್ತು ಒಬ್ಬನೇ ಕೂತು ನಕ್ಕಿದ್ದೆ.

2020ರ ಕೊನೆಗೆ ಅದನ್ನೂ ನಿಲ್ಲಿಸಿದರು. ಹ್ಯಾನೋವರ್‌ನ ಆ ರೇಸಿಂಗ್ ವಿಭಾಗಕ್ಕೇ ಬೀಗ ಬಿತ್ತು. ಯಾವ ತಿಂಗಳು ಗೊತ್ತಾಗಿದ್ದು ಅಂತೀರಾ? ನವೆಂಬರ್ ಮುಗಿದು ಡಿಸೆಂಬರ್ ಶುರುವಾಗೋ ಹೊತ್ತಿಗೆ.