ಅಕ್ಷರ ಸಣ್ಣದಿದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ

ನಮ್ಮ ಆಫೀಸಿನಲ್ಲಿ ಯಾವ ಮೀಟಿಂಗೇ ಆಗಲಿ, ಶುರುವಾಗುವುದು ಈ ಮಾತಿನಿಂದ. "ಅಕ್ಷರ ಸ್ವಲ್ಪ ಸಣ್ಣದಿದೆ, ಹಿಂದೆ ಕೂತವರು ಅಡ್ಜಸ್ಟ್ ಮಾಡ್ಕೊಳ್ಳಿ." ಹಿಂದೆ ಕೂತವರು ಹಿಂದೆ ಕೂತಿದ್ದೇ ಏನೂ ಕಾಣಬಾರದು ಅಂತ. ಹಾಗಾಗಿ ಯಾರಿಗೂ ಜಗಳವಿಲ್ಲ. ಆಮೇಲೆ ಪಾರಾಯಣ. ಪರದೆ ಕಡೆ ಮುಖ, ನಮ್ಮ ಕಡೆ ಬೆನ್ನು, ಸ್ಲೈಡಿನ ಮೇಲಿರುವುದನ್ನು ಒಂದಕ್ಷರ ಬಿಡದೆ ಓದುತ್ತಾರೆ. ದೇವಸ್ಥಾನದಲ್ಲಿ ಭಟ್ಟರಾದರೂ ನಡುವೆ ಒಮ್ಮೆ ತಿರುಗಿ ನಮ್ಮ ಗೋತ್ರ ಕೇಳುತ್ತಾರೆ. ಇಲ್ಲಿ ಅದೂ ಇಲ್ಲ.

ಹೋದ ತಿಂಗಳು ಈ ಪೂಜೆಗೆ ಒಂದು ವಿಘ್ನ ಬಂತು.

ನಾವು ಪಂಪ್‌ಸೆಟ್ ಮಾರುವವರು. ದಾವಣಗೆರೆ ಕಡೆ ಮಾರಾಟ ಬಿದ್ದುಹೋಗಿತ್ತು. ಯಾಕೆ ಅಂತ ಒಂದು ಪಿಪಿಟಿ ಮಾಡಮ್ಮ ಎಂದು ಮ್ಯಾನೇಜರು ಹೊಸದಾಗಿ ಸೇರಿದ ಹುಡುಗಿಗೆ ಹೇಳಿದರು. ಪಾಪ, ಅವಳಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಎರಡು ದಿನ ಕೂತು ಡೀಲರುಗಳಿಗೆಲ್ಲ ಫೋನ್ ಮಾಡಿದಳು. ಮೂರನೇ ದಿನ ಒಂದೇ ಒಂದು ಸ್ಲೈಡ್ ತಂದಳು. ಬಿಳಿ ಹಿನ್ನೆಲೆ. ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು: "ನಮ್ಮ ಮೋಟಾರು ಅಂಗಡಿ ತಲುಪಲು 12 ದಿನ, ಎದುರಾಳಿಯದು 4 ದಿನ." ಕೆಳಗೆ ಎರಡು ಪಟ್ಟಿ. ನಮ್ಮದು ಕೆಂಪು, ಉದ್ದ. ಅವರದು ಬೂದು, ಗಿಡ್ಡ. ಸಂಖ್ಯೆ ಆಯಾ ಪಟ್ಟಿಯ ತಲೆ ಮೇಲೇ ಕೂತಿದೆ. ಅಷ್ಟೇ.

ಮೂರು ಸೆಕೆಂಡಿನಲ್ಲಿ ನನಗೆ ಅರ್ಥವಾಯಿತು. ಎದೆ ಧಸಕ್ಕೆಂದಿತು. ಸ್ಲೈಡ್ ಅರ್ಥವಾದರೆ ಪ್ರಶ್ನೆ ಬರುತ್ತದೆ ಅಲ್ವಾ? 12 ದಿನ ಯಾಕೆ? ಮಾಲು ಎಲ್ಲಿ ಕೊಳೆಯುತ್ತಿದೆ? ಗೋದಾಮಿನಲ್ಲಿ. ಗೋದಾಮು ಯಾರ ಕೈಕೆಳಗಿದೆ? ಅದೇ ಮ್ಯಾನೇಜರದ್ದು.

"ಏನಮ್ಮಾ ಇದು, ಖಾಲಿ ಖಾಲಿ ಇದೆ. ಮದುವೆ ಊಟದ ಎಲೆಗೆ ಬರೀ ಅನ್ನ ಬಡಿಸಿದ ಹಾಗಿದೆ."

"ಸರ್, ಹೇಳೋದು ಅಷ್ಟೇ ಇದೆ."

"ಪಿಪಿಟಿ ಇರೋದು ಹೇಳೋದಕ್ಕಲ್ಲಮ್ಮ, ತೋರ್ಸೋದಕ್ಕೆ."

ಅಮೆಜಾನಿನಲ್ಲಿ ಜೆಫ್ ಬೆಜೋಸ್ 2004ರಲ್ಲೇ ದೊಡ್ಡ ಮೀಟಿಂಗುಗಳಿಂದ ಪವರ್‌ಪಾಯಿಂಟನ್ನು ಹೊರಗೆ ಹಾಕಿದ್ದಾರೆ, ಆರು ಪುಟ ಬರೆದು ತಂದರೆ ಎಲ್ಲರೂ ಮೊದಲು ಸುಮ್ಮನೆ ಕೂತು ಓದುತ್ತಾರಂತೆ ಅಂದಳು ಹುಡುಗಿ. "ದುಡ್ಡಿರೋರು, ಏನ್ ಬೇಕಾದ್ರೂ ಮಾಡ್ತಾರೆ" ಎಂದು ಮ್ಯಾನೇಜರು ತಾವೇ ಬಡಿಸಲು ಕೂತರು.

ಮೊದಲು ತಲೆಬರಹ ಹೋಯಿತು. ಆ ಜಾಗಕ್ಕೆ "ವಿತರಣಾ ವ್ಯವಸ್ಥೆ: ಒಂದು ಪಕ್ಷಿನೋಟ" ಬಂತು. ಪಕ್ಷಿ ಯಾರನ್ನೂ ಬೊಟ್ಟು ಮಾಡಿ ತೋರಿಸುವುದಿಲ್ಲ. ಆಮೇಲೆ ಎರಡು ಪಟ್ಟಿ ಹೋದವು. ಪಕ್ಕಪಕ್ಕ ನಿಂತರೆ ಉದ್ದ ಯಾವುದು, ಗಿಡ್ಡ ಯಾವುದು ಅಂತ ಮಗುವಿಗೂ ತಿಳಿಯುತ್ತದಲ್ಲ, ಅದಕ್ಕೆ. 12 ದಿನವನ್ನು ಆರ್ಡರು, ಬಿಲ್ಲು, ಲೋಡಿಂಗು, ಲಾರಿ ಅಂತ ಏಳು ತುಂಡು ಮಾಡಿ ಒಂದು ಪೈ ಚಾರ್ಟ್ ಹಾಕಿದರು. ಅದನ್ನು ಹೋಳಿಗೆ ಹಾಗೆ ಉಬ್ಬಿಸಿ, ತ್ರೀಡಿ ಮಾಡಿ, ಓರೆಯಾಗಿ ಮಲಗಿಸಿದರು. ಹೀಗೆ ಮಲಗಿಸಿದರೆ ಮುಂದಿನ ತುಂಡು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹಿಂದಿನದು ಸಣ್ಣದಾಗುತ್ತದೆ. ಗೋದಾಮಿನ ತುಂಡು ಹಿಂದಕ್ಕೆ ಹೋಯಿತು. ಯಾವ ಬಣ್ಣ ಯಾವುದಕ್ಕೆ ಅನ್ನುವುದನ್ನು ಮೂಲೆಯ ಡಬ್ಬಿಯಲ್ಲಿ ಬರೆದರು. ನೋಡುವವನು ಡಬ್ಬಿಗೆ ಓಡಬೇಕು, ಬಣ್ಣ ನೆನಪಿಟ್ಟುಕೊಳ್ಳಬೇಕು, ವಾಪಸ್ ಬರುವಷ್ಟರಲ್ಲಿ ಮರೆಯಬೇಕು. ಕೈಕುಲುಕುವ ಎರಡು ಕೈಗಳ ಚಿತ್ರ ಬೇರೆ. ಇಂಥ ರೆಡಿಮೇಡ್ ಚಿತ್ರಗಳ ಕ್ಲಿಪ್ ಆರ್ಟ್ ಭಂಡಾರವನ್ನು ಮೈಕ್ರೋಸಾಫ್ಟ್ 2014ರಲ್ಲೇ ಮುಚ್ಚಿತು. ನಮ್ಮ ಮ್ಯಾನೇಜರ ಪೆನ್‌ಡ್ರೈವಿನಲ್ಲಿ ಅದು ಇನ್ನೂ ಗಟ್ಟಿಮುಟ್ಟಾಗಿದೆ.

ಕೊನೆಗೆ ಬಾಣಗಳು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಎಲ್ಲಿಗೋ. ಶ್ಯಾವಿಗೆ ಚೆಲ್ಲಿದ ಹಾಗೆ. ಇದರಲ್ಲಿ ಮಾತ್ರ ನಾವು ಒಂಟಿಯಲ್ಲ. 2010ರಲ್ಲಿ ಅಫ್ಘಾನಿಸ್ತಾನದ ಯುದ್ಧತಂತ್ರದ ಬಗ್ಗೆ ಅಮೆರಿಕದ ಸೇನೆಯವರಿಗೆ ತೋರಿಸಿದ್ದ ಇಂಥದ್ದೇ ಒಂದು ಸ್ಲೈಡ್ ಲೋಕವೆಲ್ಲ ಸುತ್ತಿತು. ಇದು ಅರ್ಥವಾದ ದಿನ ನಾವು ಯುದ್ಧ ಗೆದ್ದ ಹಾಗೆ ಅಂತ ಅಲ್ಲಿ ಸೇನೆ ನಡೆಸುತ್ತಿದ್ದ ಜನರಲ್ ಮೆಕ್‌ಕ್ರಿಸ್ಟಲ್ ತಮಾಷೆ ಮಾಡಿದ್ದರು. 2021ರಲ್ಲಿ ಸೇನೆ ಗಂಟುಮೂಟೆ ಕಟ್ಟಿ ಹೊರಟಿತು. ಅರ್ಥವಾಗಲಿಲ್ಲ ಅಂತ ಕಾಣುತ್ತದೆ.

ಹುಡುಗಿಯ ಸಾಲನ್ನು ಅಳಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಅದು ಸ್ಲೈಡಿನ ತಳದಲ್ಲಿ, ಬುಲೆಟ್ಟಿನೊಳಗಿನ ಬುಲೆಟ್ಟಿನೊಳಗೆ, 9 ಪಾಯಿಂಟ್ ಅಕ್ಷರದಲ್ಲಿ ಇತ್ತು. ನನಗೆ ನಾಸಾದ ಬಾಹ್ಯಾಕಾಶ ನೌಕೆ ಕೊಲಂಬಿಯಾ ನೆನಪಾಯಿತು. 2003ರ ಫೆಬ್ರುವರಿ 1ರಂದು ಆ ನೌಕೆ ಭೂಮಿಗೆ ಮರಳುವಾಗ ಚೂರಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಮೇಲೇರುವಾಗ ರೆಕ್ಕೆಗೆ ಫೋಮ್ ತುಂಡು ಬಡಿದಿದ್ದು ನಾಸಾಗೆ ಮೊದಲೇ ಗೊತ್ತಿತ್ತು. ಆ ಬಗ್ಗೆ ಎಂಜಿನಿಯರುಗಳು ಮಾಡಿದ ಸ್ಲೈಡಿನ ತಲೆಬರಹ ಧೈರ್ಯ ಹೇಳುವಂಥದ್ದು. ತಳದ ಒಂದು ಸಾಲಿನಲ್ಲಿ ಮಾತ್ರ ಅಸಲು ಸಂಗತಿ ಇತ್ತು. ಪರೀಕ್ಷೆಗೆ ಬಳಸಿದ ತುಂಡು 3 ಘನ ಇಂಚು, ಇಲ್ಲಿ ಬಡಿದಿದ್ದರ ಅಂದಾಜು 1,920. ತನಿಖಾ ಮಂಡಳಿ ಆ ಸ್ಲೈಡನ್ನೇ ತನ್ನ ವರದಿಯಲ್ಲಿ ಅಚ್ಚು ಹಾಕಿ ಟೀಕಿಸಿತು. ನಮ್ಮದು ಪಂಪ್‌ಸೆಟ್ಟು ಬಿಡಿ, ಯಾರೂ ಸಾಯುವುದಿಲ್ಲ. ಚನ್ನಗಿರಿ ಕಡೆ ಒಂದೆರಡು ಅಡಿಕೆ ತೋಟ ಒಣಗಬಹುದು.

ಮೀಟಿಂಗ್ ದಿನ ಸ್ಲೈಡುಗಳು 47 ಆಗಿದ್ದವು. ಡೀಲರುಗಳಿಗಾಗಿ ಹಾಕಿದ್ದ ಒಂದೇ ಒಂದು ಕನ್ನಡ ಸ್ಲೈಡು, ಆ ಲ್ಯಾಪ್‌ಟಾಪಿನಲ್ಲಿ ಫಾಂಟ್ ಇಲ್ಲದೆ ಗೀಚುಗೀಚಾಗಿ ಬಂತು. ಯಾರೂ ಗಮನಿಸಲಿಲ್ಲ. ಉಳಿದ 46 ಹಾಗೇ ಕಾಣುತ್ತಿದ್ದವು.

ಕೊನೆಗೆ ಕೈಮುಗಿದ ಚಿತ್ರದ ಧನ್ಯವಾದ ಬಂತು. ಪ್ರಶ್ನೆ ಇದೆಯಾ ಅಂದರು. ಒಂದೇ ಪ್ರಶ್ನೆ. "ತುಂಬಾ ಚೆನ್ನಾಗಿದೆ, ಪಿಪಿಟಿ ಮೇಲ್ ಮಾಡ್ತೀರಾ?"

ಕೈಕುಲುಕುವ ಚಿತ್ರಗಳ ಭಾರಕ್ಕೆ ಫೈಲು 40 ಎಂಬಿ ದಾಟಿತ್ತು, ಮೇಲ್ ವಾಪಸ್ ಬಂತು. ಎರಡು ಭಾಗ ಮಾಡಿ ಕಳಿಸಮ್ಮ ಅಂದರು ಮ್ಯಾನೇಜರು. ದಾವಣಗೆರೆ ಇದ್ದದ್ದು ಎರಡನೇ ಭಾಗದಲ್ಲಿ. ಹುಡುಗಿ ಮೊದಲನೆಯದನ್ನು ಕಳಿಸಿ ಸುಮ್ಮನೆ ಕೂತಳು. ಮೂರು ವಾರವಾಯಿತು. ಎರಡನೇ ಭಾಗ ಬಂದಿಲ್ಲ ಅಂತ ಇನ್ನೂ ಯಾರೂ ಕೇಳಿಲ್ಲ.